ಓಣಿಗೆಲ್ಲ ಕೇಳಿದ ರೊಟ್ಟಿ

ರೊಟ್ಟಿ ಬಡಿಯುವುದು ಏನು ಮಹಾ ವಿದ್ಯೆ ಎಂದು ನಾನು ತಿಳಿದಿದ್ದೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಕೈವಾರವಿಲ್ಲದೆ ಬೋರ್ಡಿನ ಮೇಲೆ ದುಂಡನೆಯ ವೃತ್ತ ಎಳೆದು ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿದವನು. ರೊಟ್ಟಿಯೂ ಒಂದು ವೃತ್ತ ತಾನೆ!

ಈ ವಯಸ್ಸಿನಲ್ಲಿ ಏನಾದರೂ ಹೊಸದು ಕಲಿಯುತ್ತಿರಬೇಕು ಎಂದು ವಿದ್ಯಾಗಿರಿಯ ನಮ್ಮ ವಾಕಿಂಗ್ ಬಳಗದ ಹಿರಿಯರು ದಿನವೂ ಉಪದೇಶ ಮಾಡುತ್ತಾರೆ. ಒಬ್ಬರು ಕೊಳಲು ಹಿಡಿದಿದ್ದಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಚದುರಂಗ. ನಾನು ರೊಟ್ಟಿ ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ಹೋದ ಚಳಿಗಾಲದಲ್ಲಿ ನನ್ನ ಹೆಂಡತಿ ಸುಶೀಲಾಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಮಾತು ಉಳಿಯಿತು, ನಡಿಗೆ ಮರಳಿತು, ಕೈ ಮಾತ್ರ ಬರಲಿಲ್ಲ. ಅಂಗಡಿಯ ರೊಟ್ಟಿ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಊಟವನ್ನೇ ಬಿಡುತ್ತಾ ಬಂದಳು. ಅವಳು ಸೊರಗುವುದನ್ನು ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ.

ಒಂದು ಬೆಳಿಗ್ಗೆ ಅವಳನ್ನು ಅಂಗಳದ ಎಳೆಬಿಸಿಲಿನಲ್ಲಿ ಕೂರಿಸಿ, ಚಹಾ ಮಾಡುತ್ತೇನೆಂದು ಸುಳ್ಳು ಹೇಳಿ ಅಡುಗೆಮನೆ ಹೊಕ್ಕೆ. ಅವಳ ತವರು ಶಿರೂರಿನಿಂದ ಬಂದ ಜೋಳದ ಹಿಟ್ಟಿತ್ತು. ಅದಕ್ಕೆ ಕುದಿಯುವ ನೀರು ಹಾಕಬೇಕೆಂಬುದು ಈ ಗಣಿತಜ್ಞನಿಗೆ ಗೊತ್ತಿರಲಿಲ್ಲ. ನಳದ ತಣ್ಣೀರು ಸುರಿದೆ. ಮೊದಲನೆಯ ರೊಟ್ಟಿ ಕೈ ಹಚ್ಚಿದೊಡನೆ ಸೀಳಿತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಮೂರು ತುಂಡಾಗಿ, ಒಂದು ತುಂಡು ಗ್ಯಾಸಿನ ಉರಿಯನ್ನೇ ಆರಿಸಿತು. ಮೂರನೆಯದನ್ನು ಹಟ ಹಿಡಿದು ಬಡಿದೆ. ಮೀಸೆ, ಕನ್ನಡಕ, ಗೋಡೆಯ ಕ್ಯಾಲೆಂಡರು, ಎಲ್ಲಕ್ಕೂ ಹಿಟ್ಟು. ಕೊನೆಗೆ ಮೂಡಿದ ಆಕಾರ ರೇಖಾಗಣಿತದ ಯಾವ ಅಧ್ಯಾಯದಲ್ಲೂ ಇರಲಿಲ್ಲ!

ಸಪ್ಪಳ ಮಾತ್ರ ಓಣಿಗೆಲ್ಲ ಕೇಳುವಂತಿತ್ತು. ಆರು ತಿಂಗಳಿಂದ ನಮ್ಮ ಮನೆಯಲ್ಲಿ ಆ ಸಪ್ಪಳವೇ ಇರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಪಕ್ಕದ ಮನೆಯ ಶಾಂತಕ್ಕ ಹಿತ್ತಲ ಬಾಗಿಲಿನಿಂದ ಓಡಿ ಬಂದರು. ಕೈಯಲ್ಲಿ ಸಕ್ಕರೆ ಬಟ್ಟಲು, ಕಣ್ಣಲ್ಲಿ ನೀರು.

“ಅಕ್ಕಾರ, ಕೈ ಬಂತೇನ್ರಿ?” ಎನ್ನುತ್ತಲೇ ಒಳಗೆ ಬಂದವರು ನನ್ನನ್ನು ಕಂಡು ಹಾಗೆಯೇ ನಿಂತರು.

ಬಡಿತದ ತಾಳ ತಪ್ಪಿದ್ದು ಅವರಿಗೆ ಗೊತ್ತಾಗಿತ್ತಂತೆ. ಕೈ ಈಗಷ್ಟೇ ಬಂದಿದೆ, ಇನ್ನೂ ಶಕ್ತಿ ಬಂದಿಲ್ಲ ಎಂದುಕೊಂಡರಂತೆ. ಬಾಯಿ ಸಿಹಿ ಮಾಡಲು ತಂದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು.

ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಸುಶೀಲಾ ಬಂದಿದ್ದಳು.

“ನನಗೂ ಒಂದು ಗಳಿಗಿ ಹಂಗ ಅನ್ನಿಸ್ತು ನೋಡ್ರಿ, ನಾನ ಬಡ್ಯಾಕತ್ತೇನಿ ಅಂತ. ಕೈ ನೋಡ್ಕೊಂಡೆ. ಉಡಿಯಾಗ ಹಂಗ ಬಿದ್ದಿತ್ತು.”

ಅವಳಿಗೆ ಖುಷಿ ಕೊಡಲು ಹೋಗಿ, ಅವಳು ಹೇಗೋ ಮರೆತಿದ್ದ ಆಸೆಯನ್ನು ಎಬ್ಬಿಸಿ ಮುರಿದಿದ್ದೆ. ಹಿಟ್ಟು ಮೆತ್ತಿದ ಕನ್ನಡಕದ ಹಿಂದೆ ಅತ್ತುಬಿಟ್ಟೆ. ಅವಳೂ ಅತ್ತಳು. ಬಹಳ ಹೊತ್ತಿನ ಮೇಲೆ ಎಡಗೈಯಿಂದ ನನ್ನ ರೊಟ್ಟಿಯ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡು, ಎಷ್ಟೋ ಹೊತ್ತು ಅಗಿದು, ಮೊದಲು ನೀರು ಕಾಯಲು ಇಡಿರಿ ಎಂದಳು.

ಈಗ ದಿನವೂ ಅವಳು ಕೂತು ಹೇಳುತ್ತಾಳೆ, ನಾನು ಬಡಿಯುತ್ತೇನೆ. ಅರ್ಧ ರೊಟ್ಟಿ ತಿಂದಳೆಂದರೆ ನನಗೆ ಅಂದು ಹಬ್ಬ. ಆದರೆ ನಾನು ಹಿಟ್ಟಿಗೆ ಕೈ ಹಾಕುವ ಮೊದಲು ಎದ್ದು ಹೋಗಿ ಕಿಟಕಿ, ಬಾಗಿಲು ಎಲ್ಲ ಮುಚ್ಚುತ್ತಾಳೆ. ಪಾಪ, ಶಾಂತಕ್ಕನಿಗೆ ಮತ್ತೆ ಆಸೆ ಹುಟ್ಟದಿರಲಿ ಎಂದಿರಬೇಕು ಅಂದುಕೊಳ್ಳುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

“ಇದನ್ನ ನಾ ಬಡಿದದ್ದು ಅಂತ ಯಾರರ ತಿಳ್ಕೊಂಡ್ರ,” ಎಂದಳು, “ಓಣ್ಯಾಗ ನನ್ನ ಮರ್ಯಾದಿ ಏನಾಗಬೇಕ್ರಿ?”