ಅವ್ವನ ಅಳತೆಯ ಮಂಚ

ಹನೂರಿನ ಕೆಂಪನಂಜಪ್ಪ ತನ್ನ ನಲವತ್ತೆರಡನೇ ವಯಸ್ಸಿನಲ್ಲಿ ಒಂದು ಘನಘೋರ ಪ್ರತಿಜ್ಞೆ ಮಾಡಿದ. ಅವ್ವನ ಮಂಚವನ್ನು ಅಂಗಡಿಯಿಂದ ತರುವುದಿಲ್ಲ, ತನ್ನ ಕೈಯಾರೆ ಮಾಡುತ್ತಾನೆ! ರೇಷ್ಮೆ ನೂಲು ತೆಗೆಯುವ ಕೆಲಸ ಕೈಬಿಟ್ಟುಹೋದ ಮೇಲೆ ಕೊಳ್ಳೇಗಾಲದ ವೃತ್ತಿ ಕಾಲೇಜಿನಲ್ಲಿ ಪೀಠೋಪಕರಣ ಮಾಡುವುದನ್ನು ಕಲಿಯಲು ಸೇರಿ ಅವನಿಗೆ ಆಗ ಮೂರು ತಿಂಗಳು. ಅವನು ಮಾಡಿದ ಮೊದಲ ಸ್ಟೂಲು ಮೂರೇ ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಗಾಳಿಯಲ್ಲಿ ಆಡಿಸುತ್ತಿದ್ದುದನ್ನು ಹೆಂಡತಿ ರತ್ನ ನೆನಪಿಸಿದಳು. ಅವನು ಕೇಳಿಸಿಕೊಳ್ಳಲಿಲ್ಲ.

ಮಂಚ ಬೇಕಾಗಿದ್ದದ್ದಂತೂ ನಿಜ. ಬಚ್ಚಲಲ್ಲಿ ಜಾರಿಬಿದ್ದಾಗಿನಿಂದ ಪುಟ್ಟಗೌರಮ್ಮ ನೆಲದ ಚಾಪೆಯಿಂದ ತಾನಾಗಿ ಏಳಲಾರಳು. ದಿನಕ್ಕೆ ಎಂಟು ಸಲ ಸೊಸೆಯೇ ಕಂಕುಳಿಗೆ ಕೈಕೊಟ್ಟು ಎತ್ತಬೇಕು. ಎತ್ತುವಾಗಲೆಲ್ಲ ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಸೊಂಟದ ನೋವಿಗಿಂತ ಅವಳಿಗೆ ಆ ಎತ್ತಿಸಿಕೊಳ್ಳುವುದೇ ದೊಡ್ಡ ನೋವು.

ಕಾಲೇಜಿನ ಶಿವಶಂಕರ ಮೇಷ್ಟ್ರದ್ದು ಒಂದೇ ಮಂತ್ರ: ಮೊದಲು ಮನುಷ್ಯನ ಅಳತೆ, ಆಮೇಲೆ ಮರದ ಅಳತೆ. ಪರೀಕ್ಷೆಗೆ ಮಾಡಿದ ವಸ್ತುವನ್ನು ಯಾರಿಗಾಗಿ ಮಾಡಿದರೋ ಅವರೇ ಮೇಷ್ಟ್ರ ಕಣ್ಣೆದುರು ಬಳಸಿ ತೋರಿಸಬೇಕು.

ತೊಡಕು ಇದ್ದದ್ದು ಇಲ್ಲಿಯೇ. ಸೊಂಟ ಬಾಗಿದ ಅವ್ವನನ್ನು ನಿಲ್ಲಿಸಿ ಅಳೆಯುವಂತಿಲ್ಲ. ಮಲಗಿದಲ್ಲಿ ಅಳೆಯುವಂತೆಯೂ ಇಲ್ಲ. ಅವರ ಕಡೆ ಮಲಗಿದವರ ಉದ್ದ ಅಳೆಯುವುದು ಹೂಳುವ ಗುಂಡಿ ತೋಡುವ ಮುಂಚೆ ಮಾತ್ರ, ಅದೂ ಬಿದಿರು ಕಡ್ಡಿಯಲ್ಲಿ. ಕೆಂಪನಂಜಪ್ಪನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಒಂದು ಮಧ್ಯಾಹ್ನ ರತ್ನ ರೇಷನ್ ತರಲು ಹೋಗಿ, ಅವ್ವ ಮುದ್ದೆ ಉಂಡು ನಿದ್ದೆಹೋಗುವವರೆಗೆ ಕಾದ. ಉಕ್ಕಿನ ಟೇಪು ಸರ್ರನೆ ಸದ್ದು ಮಾಡಿ ಎಬ್ಬಿಸಿಬಿಟ್ಟೀತೆಂದು ಅದನ್ನು ಬದಿಗಿಟ್ಟ. ಹಿತ್ತಲಿಗೆ ಹೋಗಿ ಬಿದಿರು ಕಡ್ಡಿಯನ್ನೇ ತಂದ!

ಅವ್ವ ಕಂಬಳಿ ಹೊದ್ದು ಗೋಡೆಯ ಕಡೆ ಮಗ್ಗುಲಾಗಿದ್ದಳು. ಕಂಬಳಿ ಉಬ್ಬಿದ್ದಷ್ಟು ಉದ್ದಕ್ಕೂ ಕಡ್ಡಿ ಹಿಡಿದು ಉಗುರಿನಿಂದ ಗುರುತು ಮಾಡಿದ. ಆಮೇಲೆ ನೋಡಿದರೆ ನಾಲ್ಕಡಿಯೂ ಪೂರ್ತಿ ಇರಲಿಲ್ಲ. ರಾಗಿ ಮೂಟೆ ಹೊತ್ತು ನಡೆದಿದ್ದ ಹೆಂಗಸು ಇಷ್ಟು ಸವೆದುಹೋದಳೇ ಎಂದು ಅವನು ಕಡ್ಡಿಯನ್ನು ಇನ್ನೊಮ್ಮೆ ಹಿಡಿದು ನೋಡಿದ. ಸೊಪ್ಪು ಕೇಳಲು ಬಂದು ಕಿಟಕಿಯಲ್ಲಿ ಇಣುಕಿದ ನೆರೆಮನೆಯ ಗೋವಿಂದಮ್ಮನಿಗೆ ಕಂಡದ್ದು ಇಷ್ಟು: ಅಲುಗದೆ ಮಲಗಿದ ಮುದುಕಿ, ಕಡ್ಡಿ ಹಿಡಿದ ಮಗ, ಮಗನ ಕಣ್ಣಲ್ಲಿ ನೀರು. ಆಕೆ ಒಳಗೆ ಬರಲಿಲ್ಲ. ಯಳಂದೂರಿನಲ್ಲಿದ್ದ ಅವನ ತಂಗಿ ಮಹದೇವಿಗೆ ಫೋನು ಮಾಡಿದಳು.

ಕೆಂಪನಂಜಪ್ಪ ಹಿತ್ತಲಲ್ಲಿ ಕೂತು ತಲೆ ತಗ್ಗಿಸಿ ಮಂಚದ ನಕ್ಷೆ ಬರೆಯುತ್ತಿದ್ದ. ಸುದ್ದಿ ಕೇಳಿ ಬಂದ ಊರವರು ದೂರದಿಂದಲೇ ನೋಡಿ, ಪಾಪ, ದುಃಖದಲ್ಲಿದ್ದಾನೆ, ಮಾತಾಡಿಸುವುದು ಬೇಡ ಎಂದುಕೊಂಡರು. ಬಂದವರು ಕೂರಲು ಬೀದಿಗೆ ಬೆಂಚು ಬಂತು. ತಮಟೆಯವರಿಗೆ ಹೇಳಿಯಾಯಿತು. ಅಷ್ಟರಲ್ಲಿ ಬಾಡಿಗೆ ಕಾರಿನಿಂದ ಇಳಿದ ಮಹದೇವಿ ಹಾರ ಹಿಡಿದುಕೊಂಡು ಗೋಳಾಡುತ್ತ ಒಳಗೆ ನುಗ್ಗಿದಳು.

ಪುಟ್ಟಗೌರಮ್ಮ ಕಣ್ಣುಬಿಟ್ಟಳು.

"ಯಾರವ್ವಾ ಓಗ್ಬುಟ್ಟೋರು?"

ಹಾರ ಕೈಜಾರಿತು. ನಡೆದದ್ದನ್ನೆಲ್ಲ ಕೇಳಿ ತಿಳಿದ ಮೇಲೆ ಅವ್ವ ಮಗನನ್ನು ಕರೆಸಿದಳು. "ಉಸ್ರು ನಿಲ್ಲಾಗಂಟ ಕಾಯಕ್ಕಾಗ್ನಿಲ್ವೇನ್ಲಾ?" ಎಂದಳು. ಆಮೇಲೆ ಒಂದು ತಿಂಗಳು ಅವನೊಂದಿಗೆ ಮಾತಿಲ್ಲ. ಆ ಮಂಚದ ಮೇಲೆ ತನ್ನ ಹೆಣವೂ ಮಲಗದು ಎಂದು ಊರಿಗೆಲ್ಲ ಹೇಳಿದಳು.

ಅವನು ಮಂಚ ಮಾಡುವುದನ್ನು ಬಿಡಲಿಲ್ಲ. ಹಲಸಿನ ಮರ ತಂದು, ಉದ್ದಕ್ಕೆ ಕಡ್ಡಿಯ ಮೇಲೆ ನಾಲ್ಕು ಬೆರಳು ಸೇರಿಸಿದ. ಎತ್ತರವನ್ನು ರತ್ನ ಹೇಳಿಕೊಟ್ಟಳು. ಬೀಳುವ ಮೊದಲು ಅತ್ತೆ ಕೈಯೂರಿ ಏಳುತ್ತಿದ್ದ ಬಾಗಿಲ ಜಗಲಿಯ ಎತ್ತರ ಅದು. ಕಾಲೇಜಿನಲ್ಲಿ ಮುಗಿದ ಮಂಚವನ್ನು ನೋಡಿದ ಮೇಷ್ಟ್ರು ಕೇಳಿದರು: "ಯಾವ ಮಗೂಗ್ರೀ ಇದು?"

"ನಮ್ಮವ್ವಂಗೆ ಸಾ. ಸವ್ದೋಗವ್ಳೆ."

ಅವನ ಮುಖ ನೋಡಿ ಮೇಷ್ಟ್ರು ಪರೀಕ್ಷೆಯ ದಿನ ಗೊತ್ತುಮಾಡಿದರು.

ಪರೀಕ್ಷೆಯ ದಿನ ಮಂಚ ಗೂಡ್ಸ್ ಆಟೋದಲ್ಲಿ ಹನೂರಿಗೆ ಬಂತು. ಹಿಂದೆಯೇ ಬೈಕಿನಲ್ಲಿ ಮೇಷ್ಟ್ರು ಬಂದರು. ಅವ್ವ ಚಾಪೆ ಬಿಡಲಿಲ್ಲ. ಕೊನೆಗೆ ರತ್ನ ಪಕ್ಕದಲ್ಲಿ ಕೂತು, "ಇವರ್ ಪರೀಕ್ಸೆ ಆಳಾಗ್ ಓಗ್ಲಿ ಅತ್ತೆ. ನನ್ ಸೊಂಟುಕ್ಕಾದ್ರೂ ಒಂದ್ಗಳ್ಗೆ ಮಲೀಕಳಿ" ಎಂದಳು.

ಸೊಸೆಯ ಸೊಂಟಕ್ಕಾಗಿ ಪುಟ್ಟಗೌರಮ್ಮ ಒಪ್ಪಿದಳು. ಮಂಚದ ಮೇಲೆ ಒರಗಿ ಕಾಲು ನೀಡಿದಳು. ಮೊಣಕಾಲಿನಿಂದ ಕೆಳಗಿನದೆಲ್ಲ ಮಂಚದಾಚೆ ಗಾಳಿಯಲ್ಲಿ ನಿಂತಿತು.

ಕೆಂಪನಂಜಪ್ಪ ಆ ಎರಡು ಕಾಲುಗಳನ್ನೇ ನೋಡುತ್ತಿದ್ದ.

"ನಾನು ಕಾಲ್ ಮುದುರ್ಕಂಡ್ ಮಲ್ಗೋಳು ಕಣ್ಲಾ," ಎಂದಳು ಅವ್ವ. ತಿಂಗಳ ಮೇಲೆ ಮಗನಿಗೆ ಆಡಿದ ಮೊದಲ ಮಾತು. "ನಲ್ವತ್ತೆರ್ಡ್ ವರ್ಸ ಒಂದೇ ಮನೇಲಿದೀಯ. ನೋಡ್ಲಿಲ್ವಾ?"

ಅವಳು ನಿಧಾನವಾಗಿ ಎದ್ದು ಕೂತಳು. ಕಾಲು ಕೆಳಗಿಟ್ಟಳು. ಪಾದ ಸಪಾಟಾಗಿ ನೆಲ ಮುಟ್ಟಿತು. ಎರಡೂ ಕೈ ಚೌಕಟ್ಟಿಗೆ ಊರಿ ಎದ್ದು ನಿಂತಳು. ಎತ್ತಲು ಚಾಚಿದ್ದ ರತ್ನನ ಕೈಗಳು ಹಾಗೆಯೇ ಉಳಿದವು. ಮುದುಕಿ ಗೋಡೆ ಹಿಡಿದು ಬಾಗಿಲವರೆಗೆ ಹೋಗಿ, ಕಿಟಕಿಯಲ್ಲಿದ್ದ ಗೋವಿಂದಮ್ಮನಿಗೆ ಮುಖ ತೋರಿಸಿ, ತಿರುಗಿ ಬಂದು ಕೂತಳು.

ಮಂಚ ಎಂದು ಬರೆದರೆ ಫೇಲು, ಬೆಂಚು ಎಂದು ಬರೆದರೆ ಪಾಸು ಎಂದು ಮೇಷ್ಟ್ರು ಪೆನ್ನು ತೆಗೆದರು. ಬೆಂಚು ಎಂದೇ ಬರೆದರು. ಕೆಂಪನಂಜಪ್ಪ ತಲೆ ತಗ್ಗಿಸಿ, ಸರಿಯಾದ ಅಳತೆಯಲ್ಲಿ ಇನ್ನೊಂದು ಮಾಡಿಕೊಡುತ್ತೇನೆ ಎಂದು ಜೇಬಿನಿಂದ ಟೇಪು ತೆಗೆದ.

"ಅವಸ್ರ ಇಲ್ಲ ಬುಡ್ಲಾ," ಎಂದಳು ಅವ್ವ. "ಇನ್ನೊಂದ್ಕಿತ ನೀನ್ ಅಳ್ತೆ ತಕಳಾ ಒತ್ಗೆ ನಾನೇ ನೆಟ್ಟಗೆ ಕಾಲ್ ನೀಡ್ಕಂಡಿರ್ತೀನಿ."