ಮೂಳೆ ಗಾಳಕ್ಕೆ ಒಂದು ಮೀನು

ಗಿರಾಕಿಯ ಎದುರು "ಆಗೋದಿಲ್ಲ" ಎನ್ನುವ ಮಾತು ನನ್ನ ಬಾಯಿಂದ ಈವರೆಗೆ ಬಂದಿಲ್ಲ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಬುದ್ಧಿಮಾತೂ ಇದೇ: ಮೊದಲು ತಲೆಯಾಡಿಸಿ, ತಲೆ ಕೆರೆದುಕೊಳ್ಳುವುದನ್ನು ಆಮೇಲೆ ಇಟ್ಟುಕೊಳ್ಳಿ. ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ಬುಗುರಿ, ಗಿಲಕಿ ಮಾರಿಕೊಂಡು ಬೆಳೆದು, ಹಳೇ ಹೆದ್ದಾರಿಯ ಬದಿಯಲ್ಲಿ ಸ್ವಂತ ಬೊಂಬೆ ಅಂಗಡಿ ಇಟ್ಟವನು ನಾನು. ಬೆಂಗಳೂರಿನ ಮಕ್ಕಳ ವಸ್ತುಸಂಗ್ರಹಾಲಯವೊಂದರಿಂದ ಬಂದ ವಸುಧಾ ಮೇಡಂ, "ಆದಿಮಾನವರು ಮೀನು ಹಿಡಿಯುತ್ತಿದ್ದ ಗಾಳದ ಕೊಕ್ಕೆಗಳು ಬೇಕು, ಮಾಡಿಕೊಡ್ತೀರಾ?" ಎಂದಾಗ ಅಭ್ಯಾಸಬಲದಿಂದ ತಲೆಯಾಡಿಸಿಬಿಟ್ಟೆ. ಬಟ್ಟೆಯಿಲ್ಲದವರು ಮಾಡಿದ ಕೊಕ್ಕೆ, ಮರ ಕಡೆಯುವ ಲೇತ್ ಇರುವ ನಮಗೆ ಯಾವ ಲೆಕ್ಕ?

ಷರತ್ತುಗಳು ಆಮೇಲೆ ಬಂದವು. ಯಂತ್ರ ಮುಟ್ಟಬಾರದು, ಕಬ್ಬಿಣವೂ ಕೂಡದು. ಮೂಳೆಯನ್ನು ನೀರಲ್ಲಿ ನೆನೆಸಿ, ಚೂಪಾದ ಕಲ್ಲಿನ ಚಕ್ಕೆಯಿಂದ ಕೊರೆದು ತೂತು ಮಾಡಿ, ತೂತನ್ನು ಅಗಲಿಸಿ, ಬೇಡದ ಭಾಗ ಮುರಿದು, ಉಳಿದ ಬಾಗಿದ ತುಂಡನ್ನು ಬಂಡೆಗೆ ಉಜ್ಜಿ ಕೊಕ್ಕೆ ಮಾಡಬೇಕು. ಹುರಿ ಕಟ್ಟಲು ತುದಿಯಲ್ಲೊಂದು ಕಚ್ಚು. ಆರ್ಡರ್ ಕೊಡುವ ಮೊದಲು ಅದನ್ನು ನೀರಿಗಿಳಿಸಿ ಒಂದು ಮೀನಾದರೂ ಹಿಡಿದು ತೋರಿಸಬೇಕು. "ಮೀನು ಹಿಡಿಯದ ಕೊಕ್ಕೆಯನ್ನು ಮಕ್ಕಳಿಗೆ ತೋರಿಸಿ ಏನು ಹೇಳಲಿ?" ಎಂದರು ಮೇಡಂ. ಮುಂದಿನ ಭಾನುವಾರ ಬರುತ್ತೇನೆ, ಮಧ್ಯಾಹ್ನ ಒಂದಕ್ಕೆ ಹೊರಡುತ್ತೇನೆ ಎಂದೂ ಹೇಳಿದರು.

ಹಿಂಜರಿಯುವ ಹಾಗಿರಲಿಲ್ಲ. ನನಗೆ ಬೊಂಬೆ ಕಡೆದುಕೊಡುವ ಮಹಬೂಬಣ್ಣ ನಲವತ್ತು ವರ್ಷ ಲೇತಿನ ಮುಂದೆ ಕೂತವನು. ಹೊಸ ರಸ್ತೆ ಬಂದು ಕಾರುಗಳೆಲ್ಲ ಊರ ಹೊರಗಿನಿಂದಲೇ ಹಾರಿಹೋಗತೊಡಗಿದ ಮೇಲೆ ಅವನ ಲೇತು ವಾರಕ್ಕೆರಡು ದಿನ ತಿರುಗಿದರೆ ಹೆಚ್ಚು. "ಬಿಡದಿ ಫ್ಯಾಕ್ಟರಿನಾಗೆ ವಾಚ್‌ಮನ್ ಕೆಲ್ಸ ಐತಂತೆ ಅಣ್ಣಾ, ಸೋಮವಾರ ಬಾ ಅಂದವ್ರೆ" ಎಂದು ಅವನು ನೆಲ ನೋಡಿಕೊಂಡು ಹೇಳಿದ್ದ. ಭಾನುವಾರ ಮೀನು ಬಿದ್ದರೆ ವರ್ಷಕ್ಕಾಗುವಷ್ಟು ಕೆಲಸ. ಬೀಳದಿದ್ದರೆ ಸೋಮವಾರ ಅವನು ಗೇಟಿನಲ್ಲಿ ಸೆಲ್ಯೂಟ್ ಹೊಡೆಯುತ್ತಾ ನಿಲ್ಲಬೇಕು.

ಮಟನ್ ಅಂಗಡಿಯಲ್ಲಿ ಕಾಲುಮೂಳೆಗೆ ಚೌಕಾಸಿ ಮಾಡಿದೆ. "ನಾಯಿಗೆ ಹಾಕೋದ್ನೂ ಕೊಸರ್ತೀಯಲ್ಲ ಸ್ವಾಮಿ!" ಎಂದು ಅಂಗಡಿಯವನು ಕೈ ಮುಗಿದು ಸುಮ್ಮನೆ ಕೊಟ್ಟ. ನನ್ನ ಹೆಂಡತಿ ಜಯಮ್ಮ ಮಾಗಡಿ ಕಡೆಯ ಹಳ್ಳಿಯವಳು. ಸುಲಭಕ್ಕೆ ಬೆರಗಾಗುವ ಜೀವವಲ್ಲ. ಬಚ್ಚಲ ಬಕೆಟ್ಟಿನಲ್ಲಿ ಮೂಳೆ ನೆನೆಯುತ್ತಿರುವುದನ್ನು ಕಂಡು, "ಸ್ನಾನ ನಾನ್ ಮಾಡ್ಲೋ, ಮೂಳೆ ಮಾಡ್ಲೋ?" ಎಂದು ಕೇಳಿದಳು. ರಾಮನಗರದ ಬಂಡೆಯ ಚೂರಿನಿಂದ ಕೊರೆಯಲು ಹೋದರೆ ಮೂಳೆಗಿಂತ ಮೊದಲು ಕಲ್ಲೇ ಪುಡಿಯಾಯಿತು. ಬೆಣಚುಕಲ್ಲು ಒಡೆದು ಚಕ್ಕೆ ಎಬ್ಬಿಸಿದ ಮೇಲೆ ಕೆಲಸ ಸಾಗಿತು. ಮಹಬೂಬಣ್ಣ ಒಂದು ಕೊಕ್ಕೆಗೆ ಒಂದೂವರೆ ದಿನ ಕೂತ. ಹತ್ತು ಮೂಳೆಯಲ್ಲಿ ಏಳು ಬಾಗಿದ ಕಡೆಯಲ್ಲೇ ಪಟ್ಟೆಂದು ಮುರಿದವು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಎಷ್ಟು ಒತ್ತಬೇಕು, ಎಲ್ಲಿ ತಿರುಗಿಸಬೇಕು ಎಂದು ಹೇಳಿಕೊಡುತ್ತಿದ್ದೆ. ಉಳಿದದ್ದು ಮೂರು. ಆದರೆ ಆ ಮೂರೂ ಕಿವಿಗೆ ಹಾಕಿಕೊಳ್ಳಬೇಕು, ಹಾಗೆ ಫಳಫಳ.

ಭಾನುವಾರ ಹತ್ತಕ್ಕೆ ಊರಾಚೆಯ ಕೆರೆಯ ಬಳಿ ಸೇರಿದೆವು. ಪುಂಡಿನಾರಿನ ಹುರಿ, ಎರೆಹುಳ, ಬೆಂಡಿನ ತುಂಡು. ಮೀನು ಬಂತು, ಬೆಂಡು ಮುಳುಗಿತು, ಮಹಬೂಬಣ್ಣ ಎಳೆದ. ಹುಳವಿಲ್ಲ, ಮೀನೂ ಇಲ್ಲ. ಹನ್ನೊಂದಾಯಿತು. ಎರಡನೇ ಕೊಕ್ಕೆಗೂ ಅದೇ ಗತಿ. ಮೂರನೆಯದಕ್ಕೆ ಒಂದು ಜಿಲೇಬಿ ಮೀನು ನೀರಿನಿಂದ ಮೊಳದೆತ್ತರ ಎದ್ದು ನಮ್ಮನ್ನೆಲ್ಲ ನೋಡಿ, ಬಾಯಿ ಬಿಟ್ಟು ವಾಪಸು ಹೋಯಿತು. ಹನ್ನೆರಡು. ನಾನು ಎಳೆಯುವ ರೀತಿಯ ಬಗ್ಗೆ ಸಲಹೆ ಕೊಟ್ಟೆ, ನಿಲ್ಲುವ ದಿಕ್ಕಿನ ಬಗ್ಗೆ ಕೊಟ್ಟೆ, ಮೇಡಂಗೆ ಎಳನೀರು ಕೊಟ್ಟೆ. ಅವರು ಎಳನೀರು ಇಳಿಸಿ ಗಡಿಯಾರ ನೋಡಿದರು. ಮಹಬೂಬಣ್ಣ ಮತ್ತೊಂದು ಎರೆಹುಳ ಸಿಕ್ಕಿಸಿದ.

ಬುತ್ತಿ ತಂದಿದ್ದ ಜಯಮ್ಮ ಕೊಕ್ಕೆಯನ್ನು ಕಿತ್ತುಕೊಂಡು ತನ್ನ ಹೆಬ್ಬೆರಳಿಗೆ ಒತ್ತಿಕೊಂಡಳು. ಮತ್ತೆ ಒತ್ತಿದಳು. ನನ್ನ ಅಂಗೈಗೂ ಚುಚ್ಚಿದಳು. ಚುಚ್ಚಲಿಲ್ಲ, ಕಚಗುಳಿಯಾಯಿತು.

"ಇದ್ಯಾಕೆ ಮಹಬೂಬಣ್ಣ, ಮೊನೇನ ಹಿಂಗೆ ಮೊಂಡು ಮಾಡಿಟ್ಟಿದ್ದೀಯ?"

ಅವನು ತನ್ನ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡಿಕೊಂಡ. "ಕೊನೇಗೆ ಒಂದ್ ಸಲ ಎಲ್ಲಾ ಮೂಲೆನೂ ಉಜ್ಜಿ ನುಣ್ಣಗೆ ಮಾಡ್ದೆ ಅಕ್ಕಾ. ಚೂಪು ಬುಡೋಕೆ ಕೈ ಬರಾಕಿಲ್ಲ. ಮಕ್ಳು ಬಾಯಿಗೆ ಇಟ್ಕೊತಾವೆ..."

"ಅಯ್ಯೋ, ಇದನ್ನ ಮೀನು ಬಾಯಿಗೆ ಇಟ್ಕೊಬೇಕು ಕಣಣ್ಣ!" ಎಂದು ನಾನು ಕಿರುಚಿದೆ. ಇಡೀ ವಾರ ಪಕ್ಕದಲ್ಲೇ ಕೂತು ಉಸ್ತುವಾರಿ ಮಾಡಿದವನಿಗೆ ಕಂಡದ್ದು ಹೊಳಪು ಮಾತ್ರ ಎಂಬುದನ್ನು ಯಾರೂ ಎತ್ತಿ ಆಡದಿರಲಿ ಎಂದು ಇನ್ನಷ್ಟು ಜೋರಾಗಿ ಕಿರುಚಿದೆ.

ಕೊಕ್ಕೆಗಳನ್ನು ಚೂಪು ಮಾಡಲು ಹೋಗಿ ಎರಡನ್ನು ಮುರಿದೆವು; ಮೂರನೆಯದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಹನ್ನೆರಡೂ ಮುಕ್ಕಾಲು. ಆಗ ಜಯಮ್ಮ ಮುರಿದ ನೇರ ತುಂಡೊಂದನ್ನು ಎತ್ತಿಕೊಂಡು, ದಡದ ಬಂಡೆಗೆ ಗರಗರ ಉಜ್ಜಿ ಎರಡೂ ತುದಿ ಸೂಜಿಯಾಗಿಸಿ, ನಡುವಿಗೆ ಹುರಿ ಬಿಗಿದು, ಹುಳ ಪೋಣಿಸಿದಳು. "ನಮ್ಮಜ್ಜ ಮುಳ್ಳಲ್ಲಿ ಹಿಂಗೇ ಕಟ್ಟೋನು. ನುಂಗೋವಾಗ ಉದ್ದಕ್ಕೆ ಹೋಯ್ತದೆ, ಎಳೆದ್ರೆ ಗಂಟಲಲ್ಲಿ ಅಡ್ಡ ನಿಲ್ತದೆ." ಮೇಡಂ ಕೂತಲ್ಲಿಂದ ಎದ್ದರು. "ಕೊಕ್ಕೆಗಿಂತ ಹಿಂದಿನವರು ಮಾಡಿಕೊಂಡಿದ್ದು ಇಂಥದ್ದೇ ಇರಬಹುದು!"

ಹುರಿ ನನ್ನ ಕೈಗೆ ಬಂತು, ಮಹಬೂಬಣ್ಣ ಬಿಲ್ಕುಲ್ ಆಗಲ್ಲ ಎಂದು ಹಿಂದೆ ಸರಿದಿದ್ದರಿಂದ. ಬೆಂಡು ಮುಳುಗಿತು. ನನ್ನ ಇಡೀ ಮೈ ಎಳೆ ಎಂದಿತು.

"ಎಳೆದ್ರೆ ನೋಡಿ ಮತ್ತೆ! ನುಂಗ್ಲಿ ಬುಡಿ."

"ಹೋಗ್ಬಿಡ್ತದೆ ಕಣೇ!"

"ಬಾಯ್ ಮುಚ್ಕೊಂಡು ನಿಂತ್ಕೊಳ್ರೀ!"

ಹುರಿ ನನ್ನ ಬೆರಳ ನಡುವಿನಿಂದ ಒಂದು ಗೇಣು, ಎರಡು ಗೇಣು ಜಾರಿತು. ಮಹಬೂಬಣ್ಣ ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದ. ಜಯಮ್ಮ "ಈಗ!" ಎಂದಳು. ಎಳೆದೆ. ಅಂಗೈಯಗಲದ ಜಿಲೇಬಿ ಮೀನು ನನ್ನ ಬಿಳಿ ಪಂಚೆಯ ಮೇಲೆ ಬಿದ್ದು ಪಟಪಟ ಬಡಿದುಕೊಂಡಿತು. ಮಹಬೂಬಣ್ಣ ಅಲ್ಲೇ ಕುಕ್ಕರಿಸಿ, ವಲ್ಲಿಯಿಂದ ಮುಖ ಮುಚ್ಚಿಕೊಂಡ.

ಆರ್ಡರ್ ಪುಸ್ತಕ ತೆಗೆದ ಮೇಡಂ, ಕೊಕ್ಕೆಗಳ ಜೊತೆ ಇದೂ ಇರಲಿ ಎನ್ನುತ್ತಾ ನನ್ನನ್ನು ದಾಟಿ ಜಯಮ್ಮನ ಎದುರು ಹೋಗಿ ಕೂತರು. ನಾನು ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡುವಷ್ಟರಲ್ಲಿ ಇವಳು ನಾನು ಬಾಯಿಬಿಟ್ಟು ಕೇಳಲು ಹೆದರುವ ದರ ಹೇಳಿ, ಅದಕ್ಕೇ ನಿಂತು, ಗಿಟ್ಟಿಸಿಯೂ ಬಿಟ್ಟಳು. ಮಹಬೂಬಣ್ಣ ಕೊರೆಯುವುದು, ಇವಳು ಮೇಲುಸ್ತುವಾರಿ. ಅವನ ಕೈಗೆ ಮೊನೆ ಕೊಡುವ ಹಾಗಿಲ್ಲವಾದ್ದರಿಂದ ಉಜ್ಜುವ ಕೆಲಸಕ್ಕೆ ಯಾರು ಎಂಬ ಪ್ರಶ್ನೆ ಬಂತು. ಅದಕ್ಕೆ ಸಂಬಳವಿಲ್ಲ, ಊಟ ಮಾತ್ರ.

ಈಗ ಬೆಳಗಾದರೆ ಹಿತ್ತಲ ಬಂಡೆಯ ಮುಂದೆ ಕೂರುತ್ತೇನೆ. ನಿನ್ನೆ ಒಂದೇ ಮೊನೆಯನ್ನು ಮೂರು ಸಲ ಒಯ್ದು ತೋರಿಸಿದೆ. ಮೂರು ಸಲವೂ ಹೆಬ್ಬೆರಳಿಗೆ ಒತ್ತಿ ನೋಡಿ, "ಇನ್ನೊಸಿ" ಎಂದು ವಾಪಸು ಕೊಟ್ಟಳು. ಇನ್ನೆಷ್ಟು ಹೊತ್ತು ಮಾರಾಯ್ತಿ ಎಂದು ಕೇಳಿಯೇಬಿಟ್ಟೆ.

"ಆದಿಮಾನವರು ಹಿಂಗೆಲ್ಲ ಕೇಳ್ತಿದ್ರಾ?" ಎಂದು ಒಳಗೆ ಹೋದಳು.