ಕಾರಣವಿಲ್ಲದೆ ಓಡುವ ನೌಕರರ ಬಗ್ಗೆ

ಉಪವಿಭಾಗ ಕಚೇರಿ, ಮೂಡಲಗಿ
ಸಂಖ್ಯೆ: ಸಿಬ್ಬಂದಿ/ಕಾಲು/ಓಟ/4/2003-04
ದಿನಾಂಕ: 24-1-2004, ಶನಿವಾರ, ಸಂಜೆ 5-20

ಸುತ್ತೋಲೆ

ವಿಷಯ: ಸರಕಾರಿ ನೌಕರರು ಯಾರೂ ಬೆನ್ನಟ್ಟದಿರುವಾಗ ಸಾರ್ವಜನಿಕ ರಸ್ತೆಯಲ್ಲಿ ಓಡುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
1) ಮೇಲಿನ ಕಚೇರಿಯ ಪತ್ರ, ದಿನಾಂಕ 1-12-2003 ('ಅತಿ ಜರೂರು' ಎಂದು ನಮೂದಿಸಿದ್ದು, ತಲುಪಿದ್ದು 22-12-2003).
2) ಬೆರಳಚ್ಚುಗಾರ್ತಿ ಶ್ರೀಮತಿ ಯಶೋಧರಾ ಇವರಿಗೆ ಕೊಟ್ಟ ಜ್ಞಾಪನ, ದಿನಾಂಕ 13-1-2004 (ಅವರೇ ಬೆರಳಚ್ಚು ಮಾಡಿ ಅವರೇ ಸ್ವೀಕರಿಸಿದ್ದು).
3) ಸದರಿಯವರ ಲಿಖಿತ ಸಮಜಾಯಿಷಿ, ದಿನಾಂಕ 16-1-2004.

ಪ್ರಸ್ತಾವನೆ:

ಗೋಕಾಕದ ಸೇವಾ ಸಂಸ್ಥೆಯೊಂದು ನಾಳೆ ರವಿವಾರ ಬೆಳಿಗ್ಗೆ ಏಳಕ್ಕೆ ಹನ್ನೆರಡು ಕಿಲೋಮೀಟರಿನ 'ನೆರವಿನ ಓಟ'ವನ್ನು ಹಮ್ಮಿಕೊಂಡಿದ್ದು, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಪ್ರತಿ ಕಚೇರಿಯಿಂದ ಒಬ್ಬ ನೌಕರರನ್ನು ಕಳುಹಿಸಲು ಉಲ್ಲೇಖ (1)ರಲ್ಲಿ ಸೂಚಿಸಲಾಗಿದೆ. ವಾಹನ ಹತ್ತದೆ, ತಮ್ಮ ಕಾಲ ಮೇಲೆಯೇ, ಎರಡು ತಾಸಿನೊಳಗೆ ಅಷ್ಟೂ ದೂರ ಮುಗಿಸಿದ ನೌಕರರ ಕಚೇರಿಯು ಹೆಸರಿಸುವ ಒಬ್ಬ ಅಂಗವಿಕಲರಿಗೆ, ಕೈಯಿಂದ ತಿರುವುವ ಮೂರು ಗಾಲಿಯ ಸೈಕಲ್ ದೊರೆಯುತ್ತದೆ. ಮುಗಿಸದಿದ್ದರೆ ದೊರೆಯುವುದಿಲ್ಲ. ಈ ಕೊನೆಯ ವಾಕ್ಯಕ್ಕೆ ವಿನಾಯಿತಿ ಕೋರಲಾಗಿದ್ದು, ಉತ್ತರ ಬಂದಿಲ್ಲ.

ಈ ಕಚೇರಿಯು ಶ್ರೀಮತಿ ಗೌರವ್ವ ಇವರ ಹೆಸರನ್ನು ಸೂಚಿಸಿದೆ. ಎರಡೂ ಕಾಲಿನಲ್ಲಿ ಶಕ್ತಿಯಿಲ್ಲದ ಇವರು ಕಚೇರಿಯ ಪಡಸಾಲೆಯಲ್ಲಿ ಕುಳಿತು ಜನರ ಅರ್ಜಿಗಳನ್ನು ಬರೆದುಕೊಡುತ್ತಾರೆ. ಅಣ್ಣ ಸೈಕಲ್ ಮೇಲೆ ಕೂರಿಸಿಕೊಂಡು ಬಂದು ಬಿಡುತ್ತಾನೆ; ಜವಾನ ಸತ್ತೆಪ್ಪ ಆರು ಮೆಟ್ಟಿಲು ಮೇಲಕ್ಕೆ ಎತ್ತಿ ತರುತ್ತಾನೆ. ಅಣ್ಣ ಕಬ್ಬು ಕಡಿಯಲು ಹೋದ ದಿನ ಗೌರವ್ವ ಬರುವಂತಿಲ್ಲ. ಅಂದು ಜನರು ನೇರವಾಗಿ ಸಿಬ್ಬಂದಿಯ ಮೇಜಿಗೇ ಬಂದು ಕೆಲಸ ಕೇಳುವುದರಿಂದ ಕಚೇರಿಗೆ ಆಗುತ್ತಿರುವ ತೊಂದರೆಯನ್ನು ಮನಗಂಡು ಅವರ ಮೇಲೆ ಕನಿಕರ ತೋರಲಾಗಿದೆ.

ಓಡುವವರನ್ನು ಜ್ಯೇಷ್ಠತಾ ಪಟ್ಟಿಯಂತೆ ಆರಿಸಲಾಯಿತು. ಮೊದಲನೆಯವರಾದ ಅಧೀಕ್ಷಕರು ರಕ್ತದೊತ್ತಡದ ಪ್ರಮಾಣಪತ್ರ ಸಲ್ಲಿಸಿದರು. ಎರಡನೆಯವರು ಮೊಣಕಾಲಿನದು. ಮೂರನೆಯವರು, ಓಡಿದರೆ ತಮಗೆ ತಡೆಯಲಾಗದ ನಗು ಬರುತ್ತದೆಂಬ ಪ್ರಮಾಣಪತ್ರ ತಂದರು. ವೈದ್ಯರ ಮೊಹರು ಸರಿ ಇದ್ದುದರಿಂದ ಮಾನ್ಯ ಮಾಡಲಾಗಿದೆ. ಶ್ರೀಮತಿ ಯಶೋಧರಾ ಅಂದು ಮಗನ ಜ್ವರದ ಸಲುವಾಗಿ ರಜೆಯಲ್ಲಿದ್ದು, ಆಕ್ಷೇಪಣೆ ಸಲ್ಲಿಸಲು ಹಾಜರಿಲ್ಲದ ಕಾರಣ ಸರ್ವಾನುಮತದಿಂದ ಆಯ್ಕೆಯಾದರು. ವಯಸ್ಸು ಮೂವತ್ತೇಳು. ಇದಕ್ಕೂ ಮೊದಲು ಬಸ್ಸಿನ ಹಿಂದೆ ಅಲ್ಲದೆ ಬೇರೆಲ್ಲೂ ಓಡಿದ ಅನುಭವವಿಲ್ಲ.

ಸದರಿಯವರು 26-12-2003ರಿಂದ ತುಕ್ಕಾನಟ್ಟಿ ರಸ್ತೆಯಲ್ಲಿ ಬೆಳಗಿನ ಐದೂವರೆಗೆ ಅಭ್ಯಾಸ ಆರಂಭಿಸಿದ್ದು, ಅಂದಿನಿಂದ ಉದ್ಭವಿಸಿರುವ ಸಮಸ್ಯೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಈ ಮೂಲಕ ಆಜ್ಞಾಪಿಸಲಾಗಿದೆ.

1. ಓಟದ ಕಾರಣವನ್ನು ಪ್ರಕಟಿಸುವುದು.

ಈ ಭಾಗದಲ್ಲಿ ಬೆಳ್ಳಂಬೆಳಗ್ಗೆ ಹೆಣ್ಣುಮಗಳೊಬ್ಬಳು ಓಡಿದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. 12-1-2004ರಂದು ರಸ್ತೆಬದಿಯ ತೋಟದ ಮನೆಯ ಶೆಟ್ಟೆವ್ವ ಇವರು 'ಯಾಕ್ರಿ ಬಾಯಾರ, ಹಿಂಗ್ಯಾಕ ಓಡಾಕತ್ತೀರಿ? ಮನ್ಯಾಗ ಎಲ್ಲಾರೂ ಆರಾಮ ಅದಾರೇನು?' ಎಂದು ವಿಚಾರಿಸಿದ್ದು, ಏದುಸಿರಿನಿಂದ ಮಾತು ಹೊರಡದ ಸದರಿ ನೌಕರರು ಕೈಯನ್ನು ಅತ್ತಿತ್ತ ಆಡಿಸಿ ಮುಂದೆ ಹೋದರು. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅತ್ತೆ ಕೆಂಪವ್ವ ಇರುವ ವಿಷಯ ಶೆಟ್ಟೆವ್ವನಿಗೆ ತಿಳಿದಿತ್ತು. ಕೈಸನ್ನೆಯೂ ಸ್ಪಷ್ಟವಾಗಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಶೆಟ್ಟೆವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು, ಹತ್ತು ಮಂದಿಯನ್ನು ಕೂಡಿಸಿಕೊಂಡು, ದಾರಿಯುದ್ದಕ್ಕೂ ಅಳುತ್ತ ಮೂಡಲಗಿಗೆ ಬಂದು ಬಾಗಿಲು ಬಡಿದರು. ಬಾಗಿಲು ತೆರೆದವರು ಸ್ವತಃ ಕೆಂಪವ್ವ.

ಕೆಂಪವ್ವ ಇವರ ಹೇಳಿಕೆ: 'ನಾ ಸತ್ತಿಲ್ಲ ಅಂತ ಹೇಳಾಕ ಹನ್ನೊಂದು ಮಂದಿಗೆ ಚಾ ಮಾಡೀನ್ರಿ. ಸತ್ತಿದ್ರ ಚಾಪುಡಿ ಉಳೀತಿತ್ತು. ರೊಟ್ಟಿ ಮಾತ್ರ ಛಲೋ ಇದ್ವು, ತಿಂದು ಕಳಿಸೀನಿ.'

ಆದ್ದರಿಂದ ಓಡುವ ನೌಕರರು ಬೆನ್ನ ಮೇಲೆ ಒಂದೂವರೆ ಅಡಿ ಅಗಲದ ಫಲಕ ಧರಿಸತಕ್ಕದ್ದು. ಒಕ್ಕಣೆ: 'ಯಾರೂ ತೀರಿಕೊಂಡಿಲ್ಲ. ಬಸ್ಸು ತಪ್ಪಿಲ್ಲ. ಎಮ್ಮೆ ಹಗ್ಗ ಬಿಚ್ಚಿಲ್ಲ. ಸರಕಾರಿ ಕೆಲಸ.' ಎದುರಿನಿಂದ ಬರುವವರಿಗೆ ಓದಲು ಅನುಕೂಲವಾಗುವಂತೆ ನೌಕರರು ಆಗಾಗ ಹಿಮ್ಮುಖವಾಗಿ ಓಡತಕ್ಕದ್ದು.

2. ಸಂತಾಪದ ಬಗ್ಗೆ.

ಮೇಲಿನ ಸುದ್ದಿ ಕಚೇರಿಗೂ ತಲುಪಿ, ಅಂದು ಎರಡು ನಿಮಿಷ ಮೌನ ಆಚರಿಸಿ, ಅರ್ಧ ದಿನ ಕಚೇರಿ ಮುಚ್ಚಲಾಗಿತ್ತು. ಮೃತರು ಜೀವಂತ ಇರುವರೆಂಬುದು ಮಧ್ಯಾಹ್ನವೇ ತಿಳಿದರೂ, ಮಂಜೂರಾದ ರಜೆಯನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿರಲಿಲ್ಲ. ಸದರಿ ಕೆಂಪವ್ವ ಇವರು ಮುಂದೆ ನಿಜವಾಗಿ ತೀರಿಕೊಂಡಲ್ಲಿ ಅದೇ ಕಾರಣಕ್ಕೆ ಮತ್ತೊಮ್ಮೆ ರಜೆ ಕೊಡಲಾಗುವುದಿಲ್ಲ. ಇದನ್ನು ಅವರ ಗಮನಕ್ಕೆ ತರಲಾಗಿದ್ದು, 'ಬರೆದಿಟ್ಕೋರಿ, ಆಗ ನಾ ಕೇಳಾಕ ಬರೂದಿಲ್ಲ' ಎಂದು ಒಪ್ಪಿಗೆ ಸೂಚಿಸಿದ್ದಾರೆ.

3. ಕರುಣೆಯಿಂದ ವಾಹನ ಹತ್ತಿಸಿಕೊಳ್ಳುವುದು.

ಮೊದಲ ವಾರದಲ್ಲಿ ಸದರಿಯವರು ಓಡಿದ ದೂರ ನಾಲ್ಕು ಕಿಲೋಮೀಟರ್, ಜನರು ಹತ್ತಿಸಿಕೊಂಡು ತಂದುಬಿಟ್ಟ ದೂರ ಒಂಬತ್ತು ಕಿಲೋಮೀಟರ್ ಎಂದು ಸಮಜಾಯಿಷಿಯಿಂದ ಕಂಡುಬಂದಿದೆ. ಕಬ್ಬಿನ ಟ್ರ್ಯಾಕ್ಟರ್ ಚಾಲಕ ಉದ್ದಪ್ಪ ಇವರ ಹೇಳಿಕೆ: 'ಹೆಣ್ಮಗಳು ಬೆವರಿಳಿಸಿಕೊಂಡು ಓಡೂ ಮುಂದ ನಾ ಗಾಡಿ ಮ್ಯಾಲೆ ಕುಂತು ಹೆಂಗ ಮುಂದ ಹೋಗ್ಲಿ ಹೇಳ್ರಿ? ಒಲ್ಲೆ ಒಲ್ಲೆ ಅಂದ್ರು. ನಾಚಿಕಿಗೆ ಅನ್ನಾಕತ್ತಾರ ಅನ್ಕೊಂಡೆ. ನಮ್ಮ ಮನ್ಯಾಕಿನೂ ಹಂಗ, ಮೂರು ಸಲ ಒಲ್ಲೆ ಅಂದ ಮ್ಯಾಲೇ ಉಣ್ಣಾಕಿ.' ಇನ್ನು ಮುಂದೆ ವಾಹನ ನಿರಾಕರಿಸುವ ನೌಕರರು ಲಿಖಿತ ನಿರಾಕರಣೆಯನ್ನು ಮೂರು ಪ್ರತಿಗಳಲ್ಲಿ, ಓಡುತ್ತಲೇ ಬರೆದು, ಚಾಲಕರಿಗೆ ನೀಡತಕ್ಕದ್ದು.

4. ಬೂಟುಗಳು.

ಸದರಿಯವರು ಧರಿಸುವ ಬಿಳಿ ಬೂಟುಗಳು ಎಂಟನೇ ತರಗತಿಯ ಮಗ ಸುಶಾಂತನ ಕವಾಯತಿನ ಬೂಟುಗಳೆಂದು ತನಿಖೆಯಿಂದ ಸಾಬೀತಾಗಿದೆ. ಮಗನ ಪಾದ ತಾಯಿಯ ಪಾದಕ್ಕೆ ಸಮವಾದುದು ಕಳೆದ ದೀಪಾವಳಿಗೆ. ಬರುವ ಯುಗಾದಿಗೆ ಮೀರುವ ಸಂಭವವಿದೆ. ಶನಿವಾರ ಶಾಲೆಯಲ್ಲಿ ಕವಾಯತು ಇರುವುದರಿಂದ ಅಂದು ತಾಯಿ ಓಡುವುದಿಲ್ಲ. ಸದರಿ ಬೂಟುಗಳನ್ನು ಎರವಲು ಸೇವೆಯ ಮೇಲಿರುವುದಾಗಿ ಪರಿಗಣಿಸಿ, ಪ್ರತಿ ಶನಿವಾರ ಮಾತೃ ಇಲಾಖೆಗೆ ಹಿಂದಿರುಗಿಸಲು ಸೂಚಿಸಲಾಗಿದೆ. ಒಗೆದು.

5. ಸಮಯ ಪಾಲನೆ.

ಓಡಲು ತೊಡಗಿದಂದಿನಿಂದ ಸದರಿಯವರು ಹತ್ತು ಗಂಟೆಗೆ ಐದು ನಿಮಿಷ ಇರುವಾಗಲೇ ಕಚೇರಿಯಲ್ಲಿರುತ್ತಾರೆ. ಇದರಿಂದ ಹನ್ನೊಂದಕ್ಕೆ ಬರುವ ಸಿಬ್ಬಂದಿ ತಡವಾಗಿ ಬಂದಂತೆ ಕಾಣುತ್ತಿದ್ದು, ಅವರ ಮನೋಬಲ ಕುಗ್ಗಿದೆ. ನಿಲ್ಲಿಸತಕ್ಕದ್ದು.

6. ಲೆಕ್ಕಕ್ಕೆ ಸಿಗದ ಮುಕ್ಕಾಲು ತಾಸು.

'ಏಕೆ ಓಡುತ್ತಿದ್ದೀರಿ?' ಎಂಬ ಜ್ಞಾಪನಕ್ಕೆ 'ತಾವೇ ಓಡಲು ಹೇಳಿದ್ದೀರಿ' ಎಂದಿಷ್ಟೇ ಉತ್ತರಿಸಬಹುದಾಗಿದ್ದ ಸದರಿಯವರು ಒಂದೂವರೆ ಪುಟ ಬರೆದಿದ್ದಾರೆ. ನಾಲ್ಕಕ್ಕೆ ಏಳುವುದು, ನಲ್ಲಿಯ ನೀರು ಹಿಡಿಯುವುದು, ರೊಟ್ಟಿ ಬಡಿಯುವುದು, ಇಬ್ಬರು ಮಕ್ಕಳ ಡಬ್ಬಿ ಕಟ್ಟುವುದು, ಅತ್ತೆಗೆ ಬಿಸಿನೀರು ಕಾಯಿಸುವುದು, ಆಮೇಲೆ ಓಟ. ಮೊದಲ ದಿನ ಹಿಟ್ಟಿನ ಗಿರಣಿಯವರೆಗೆ ಓಡಿ, ಅದರ ಕಟ್ಟೆಯ ಮೇಲೆ ಕುಳಿತು, ಕಾಲು ತನ್ನದಲ್ಲವೆಂಬಂತೆ ನೋಡಿಕೊಂಡದ್ದು. ಆಮೇಲೆ ಒಂದು ವಿದ್ಯುತ್ ಕಂಬದವರೆಗೆ ಓಡುವುದು, ಮುಂದಿನ ಕಂಬದವರೆಗೆ ನಡೆಯುವುದು. ಹೊಟ್ಟೆಯ ಪಕ್ಕದಲ್ಲಿ ಚಳುಕು ಹಿಡಿದಾಗ ನಾಳೆಯಿಂದ ಬೇಡವೆಂದುಕೊಂಡು, ಆ ನಾಳೆ ಬೆಳಗಾದರೆ ಮತ್ತೆ ಬೂಟಿನ ಲಾಡಿ ಕಟ್ಟಿದ್ದು. 'ಗೌರವ್ವ ಒಂದು ದಿನ ನನ್ನ ಕಾಲು ಒತ್ತಿ ನೋಡಿ, ಗಟ್ಟಿ ಆಗ್ಯಾವ್ರಿ ಅಕ್ಕಾರ, ಅಂದಳು. ನನಗಿಂತ ಆಕಿಗೇ ಖುಷಿ ಆತು' ಎಂದೂ, 'ಆ ಮುಕ್ಕಾಲು ತಾಸಿನ್ಯಾಗ ಯಾರೂ ನನ್ನ ಏನೂ ಕೇಳೂದಿಲ್ರಿ' ಎಂದೂ ಆಡುಮಾತಿನಲ್ಲಿಯೇ ನಮೂದಿಸಿದ್ದಾರೆ.

ಒಬ್ಬ ಸರಕಾರಿ ನೌಕರರು, ಅದರಲ್ಲಿಯೂ ವಿವಾಹಿತ ಮಹಿಳೆ, ಯಾರೂ ಏನೂ ಕೇಳದ ಮುಕ್ಕಾಲು ತಾಸನ್ನು ಹೊಂದಿರುವುದು ಗಂಭೀರ ವಿಷಯ. ಈ ಅವಧಿಯನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕೆಂದು ಮೇಲಿನ ಕಚೇರಿಯ ಮಾರ್ಗದರ್ಶನ ಕೋರಲಾಗಿದೆ. ಅಲ್ಲಿಯವರೆಗೆ ದಾರಿಯಲ್ಲಿ ಸಿಕ್ಕವರು ಸದರಿಯವರನ್ನು ಏನಾದರೂ ಕೇಳುತ್ತಿರತಕ್ಕದ್ದು.

7. ಪ್ರತಿನಿಧಿಯ ಬದಲಾವಣೆ.

ಸದರಿಯವರು 20-1-2004ರಂದು ಹನ್ನೊಂದು ಕಿಲೋಮೀಟರುಗಳನ್ನು ಎಲ್ಲಿಯೂ ಕೂರದೆ ಓಡಿದ್ದಾರೆ. ಅಭಿನಂದನೆಗಳು. ಈ ಮಧ್ಯೆ, ಓಟಕ್ಕೆ ದೊಡ್ಡ ಅತಿಥಿಗಳು ಬರುವುದಾಗಿಯೂ, ಮುಗಿಸಿದವರಿಗೆ ಪದಕ ಹಾಕುವುದಾಗಿಯೂ, ಪತ್ರಿಕೆಯಲ್ಲಿ ಭಾವಚಿತ್ರ ಬರುವುದಾಗಿಯೂ ನಿನ್ನೆ ಮಧ್ಯಾಹ್ನ ಮೂರಕ್ಕೆ ತಿಳಿದುಬಂದಿದೆ. ಅಧೀಕ್ಷಕರ ರಕ್ತದೊತ್ತಡವು ನಿನ್ನೆ ಮಧ್ಯಾಹ್ನ ನಾಲ್ಕಕ್ಕೆ ಗುಣವಾಗಿದೆ. ಆದ್ದರಿಂದ ಜ್ಯೇಷ್ಠತೆಯನ್ನು ಪುನಃಸ್ಥಾಪಿಸಿ, ಶ್ರೀಮತಿ ಯಶೋಧರಾ ಇವರನ್ನು ಓಟದಿಂದ ಹಿಂಪಡೆದು, ಅಧೀಕ್ಷಕರನ್ನು ನೇಮಿಸಲಾಗಿದೆ. ಅಧೀಕ್ಷಕರು ಹೊಸ ಬೂಟು ಖರೀದಿಸಿದ್ದು, ಇಂದು ಜೀಪಿನಿಂದ ಕುರ್ಚಿಯವರೆಗೆ ಅದನ್ನು ಧರಿಸಿ ನಿಲ್ಲದೆ ನಡೆದಿದ್ದಾರೆ.

ಈ ಕುರಿತು ಫಲಾನುಭವಿ ಗೌರವ್ವ ಇವರು ಪಡಸಾಲೆಯಿಂದಲೇ, 'ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಾಲು ನಂಬಿದ್ರ ನಾ ಜನ್ಮಪೂರ್ತಿ ಇಲ್ಲೇ ಕುಂಡ್ರಾಕಿ. ಅಕ್ಕಾರ ಓಡ್ಲಿ ಬಿಡ್ರಿ' ಎಂದು ಕೂಗಿರುವುದು ಅಶಿಸ್ತಾಗಿದ್ದು, ಸೈಕಲ್ ದೊರೆಯದೇ ಹೋದಲ್ಲಿ ಅದಕ್ಕೆ ಅವರನ್ನೇ ಹೊಣೆ ಮಾಡಲಾಗುವುದು.

8. ಜಾರಿ.

ಈ ಆದೇಶವು ಶ್ರೀಮತಿ ಯಶೋಧರಾ ಇವರು ಸ್ವೀಕೃತಿಗೆ ಸಹಿ ಮಾಡಿದ ಕ್ಷಣದಿಂದ ಜಾರಿಗೆ ಬರುತ್ತದೆ. ಸದರಿಯವರು ಇಂದು ಮಧ್ಯಾಹ್ನವೇ ಅರ್ಧ ದಿನದ ರಜೆಯ ಮೇಲೆ ಗೋಕಾಕದ ತಂಗಿಯ ಮನೆಗೆ ತೆರಳಿರುವುದರಿಂದ, ಜವಾನ ಸತ್ತೆಪ್ಪ ಇವರು ನಾಳೆ ಸೀಟಿ ಊದುವ ಮೊದಲು ಸ್ಥಳಕ್ಕೆ ಹೋಗಿ ಖುದ್ದಾಗಿ ಸಹಿ ಪಡೆಯತಕ್ಕದ್ದು.

ಸಹಿ/-
(ಕುಂಥುನಾಥ)
ಕಚೇರಿ ಅಧೀಕ್ಷಕರು ಹಾಗೂ ಓಟಗಾರರು

ಪ್ರತಿಗಳು:
1. ಮೇಲಿನ ಕಚೇರಿಗೆ, ಮಾಹಿತಿಗಾಗಿ ಮತ್ತು ಮೌನಕ್ಕಾಗಿ.
2. ಪತ್ರಿಕೆಯ ಛಾಯಾಗ್ರಾಹಕರಿಗೆ: ಅಧೀಕ್ಷಕರನ್ನು ಎಡ ಮಗ್ಗುಲಿನಿಂದ ತೆಗೆಯಲು.
3. ಶ್ರೀಮತಿ ಗೌರವ್ವ ಇವರಿಗೆ: ಓದಿಕೊಳ್ಳಲು, ಬಂದವರಿಗೆಲ್ಲ ಓದಿಹೇಳದಿರಲು.
4. ಕಚೇರಿ ಪ್ರತಿ.
5. ಶ್ರೀಮತಿ ಯಶೋಧರಾ ಇವರಿಗೆ, ಜವಾನ ಸತ್ತೆಪ್ಪ ಇವರ ಮೂಲಕ.

(5ನೇ ಪ್ರತಿಯ ಬೆನ್ನ ಮೇಲೆ ಜವಾನ ಸತ್ತೆಪ್ಪ ಇವರ ಜಾರಿ ವರದಿ, ಅವರದೇ ಕೈಬರಹದಲ್ಲಿ:)

ಸಾಹೇಬ್ರಿಗೆ ಸತ್ತೆಪ್ಪನ ನಮಸ್ಕಾರ. ಸೈಕಲ್ಲು ಬಸ್ಸಿನ ಮ್ಯಾಲೆ ಹಾಕ್ಕೊಂಡು ಹ್ವಾದೆ. ನಾ ಇಳಿಯೂದಕ್ಕೂ ಸೀಟಿ ಊದೂದಕ್ಕೂ ಒಂದ ಆತು. ಕಚೇರಿಗೆ ಒಂದ ನಂಬರಿನ ಬಟ್ಟಿ, ಅದು ಅಕ್ಕಾರ ಮೈಮ್ಯಾಲೆ ಇತ್ತು. ನೀವು ನಂಬರಿಲ್ಲದ ಹಂಗ ಓಡಿ ಬಂದ್ರಿ, ಮೊದಲನೇ ತಿರುವಿನ್ಯಾಗ ಬೂಟು ಕಚ್ಚಿದ್ವು, ಕುಂತ್ರಿ, ನನಗ 'ಹೋಗಲೇ, ಸಹಿ ತಗೊಂಡು ಬಾ' ಅಂದ್ರಿ. ಹ್ವಾದೆ.

ಬಾಜೂಕ ಸೈಕಲ್ ಹೊಡಕೋತ 'ಅಕ್ಕಾರ, ಕಾಗದ ಐತ್ರಿ' ಅಂದೆ. 'ಏನಂತೋ ಸತ್ತೆಪ್ಪಣ್ಣ?' 'ನೀವು ಓಡಬಾರದಂತ್ರಿ.' 'ಸಹಿ ಮಾಡಬೇಕೇನು?' 'ಹೌದ್ರಿ.' 'ಓಡಕೋತ ಸಹಿ ಕೆಡತೈತಿ. ನಿಂತ ಮ್ಯಾಲೆ ಮಾಡ್ತೀನಿ.'

ಒಂಬತ್ತನೇ ಕಿಲೋಮೀಟರಿಗೆ ಅಕ್ಕಾರು ಹೊಟ್ಟಿ ಹಿಡ್ಕೊಂಡು ನಡಿಯಾಕ ಹತ್ತಿದ್ರು. ಮಾರಿ ಬೆಳ್ಳಗಾಗಿತ್ತು. 'ಸಾಕೋ ಯಪ್ಪಾ. ಕೊಡಿಲ್ಲಿ ಕಾಗದ' ಅಂತ ಕೈ ಚಾಚಿದ್ರು. ನಾ 'ಪೆನ್ನು ಎಲ್ಲೋ ಬಿದ್ದೈತ್ರಿ' ಅಂದೆ. ಅವರು ನನ್ನ ಮಾರಿ ನೋಡಿದ್ರು. ಒಂದು ಫರ್ಲಾಂಗು ನಡದ್ರು. ಆಮ್ಯಾಲೆ ಓಡಿದ್ರು.

ಪೆನ್ನು ಕಿಸೆದಾಗ ಇತ್ರಿ ಸಾಹೇಬ್ರ. ಸುಳ್ಳು ಹೇಳೀನಿ, ಖರೆ. ಮೆಮೋ ಕೊಡ್ರಿ, ತಗೋತೀನಿ. ಗೌರವ್ವನ್ನ ಆರು ಪಾವಟಿಗಿ ದಿನಾ ಎತ್ತಾಂವ ನಾನು. ಆಕಿ ಹೊರಳಿ ರಸ್ತೆ ನೋಡೂದು ಕಂಡಾಂವ ನಾನೊಬ್ಬನ.

ಸಹಿ ತಗೊಂಡೀನಿ. ಕೆಳಗ ಐತಿ.

ಸ್ವೀಕೃತಿ: ಸುತ್ತೋಲೆ ತಲುಪಿದೆ. ದಿನಾಂಕ 25-1-2004, ಬೆಳಿಗ್ಗೆ 8-54. ಸ್ಥಳ: ಮುಕ್ತಾಯದ ಗೆರೆಯಿಂದ ಆಚೆ ಎರಡು ಹೆಜ್ಜೆ. ಆದೇಶದಂತೆ ಓಡುವುದನ್ನು ಈ ಕ್ಷಣದಿಂದಲೇ ನಿಲ್ಲಿಸಿದ್ದೇನೆ.

(ಯಶೋಧರಾ)
ಬೆರಳಚ್ಚುಗಾರ್ತಿ